ಊಟಕ್ಕೆ ಮುಂಚೆ ಬಿಸಿಲು

ಮೆಲ್ಬರ್ನಿನಲ್ಲಿರುವ ನನ್ನ ತಂಗಿಯ ಮನೆಯ ಹಜಾರದಲ್ಲಿ ಉದ್ದನೆಯ ಗಾಜಿನ ಪೆಟ್ಟಿಗೆಯೊಂದಿದೆ. ಬೆಳಗ್ಗೆ ಏಳಕ್ಕೆ ಅದರೊಳಗಿನ ದೀಪ ಹೊತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಮರದ ತುಂಡಿನ ಮರೆಯಿಂದ ಗೇಣುದ್ದದ ಮರಿಯೊಂದು ಹೊರಬಂದು, ದೀಪದ ಕೆಳಗಿನ ಕಲ್ಲು ಹತ್ತಿ, ಮೈಯನ್ನು ಚಪ್ಪಟೆ ಮಾಡಿಕೊಂಡು ಮಲಗುತ್ತದೆ. ತಂಗಿಯ ಮಗನಿಗೆ ಹತ್ತು ವರ್ಷ. ಹುಳದ ಡಬ್ಬಿ ಹಿಡಿದು ಪಕ್ಕದಲ್ಲೇ ಕೂತಿದ್ದ. "ಪಾಪ, ಹಸಿದಿರತ್ತೆ, ಹಾಕೋ" ಎಂದೆ. "ಈಗ್ಲೇ ಬೇಡ ಮಾಮ, ಇನ್ನೂ ಅದರ ಮೈ ಕಾದಿಲ್ಲ" ಎಂದ.

ಅವನು ಹೇಳಿದ್ದು ಸರಿ. ಈ ಪ್ರಾಣಿಗೆ ಊಟಕ್ಕಿಂತ ಮೊದಲು ಬಿಸಿಲು ಬೇಕು.

ಇಂಗ್ಲಿಷಿನವರು ಇದನ್ನು ಬಿಯರ್ಡೆಡ್ ಡ್ರ್ಯಾಗನ್ ಎನ್ನುತ್ತಾರೆ. ನಾವು ಗಡ್ಡದ ಓತಿ ಎನ್ನೋಣ. ಪೊಗೋನಾ ವಿಟಿಸೆಪ್ಸ್ ಎಂಬ ಇದರ ಶಾಸ್ತ್ರೀಯ ಹೆಸರಿನಲ್ಲೂ ಗಡ್ಡವಿದೆ. ಗ್ರೀಕ್ ಭಾಷೆಯಲ್ಲಿ ಪೊಗೋನ್ ಎಂದರೆ ಗಡ್ಡ. ಹೆದರಿದಾಗ, ಕೆರಳಿದಾಗ ಗಂಟಲಿನ ಮುಳ್ಳುಮುಳ್ಳಾದ ಚರ್ಮವನ್ನು ಉಬ್ಬಿಸಿ ಕಪ್ಪಾಗಿಸುತ್ತದೆ. ಹುಟ್ಟೂರು ಆಸ್ಟ್ರೇಲಿಯಾದ ಒಳನಾಡಿನ ಒಣ ಕುರುಚಲು ಬಯಲು. ನಮ್ಮ ಬೇಲಿಯ ಗೂಟದ ಮೇಲೆ ಕೂತು ತಲೆಯಾಡಿಸುವ ಓತಿಕ್ಯಾತ ಇದರ ದಾಯಾದಿ. ತೇಜಸ್ವಿಯವರ 'ಕರ್ವಾಲೊ' ಓದಿದವರು ಮರೆಯಲಾರದ ಹಾರುವ ಓತಿಯೂ ಇದೇ ಅಗಮಿಡೆ ಕುಟುಂಬದ್ದು. ಆಸ್ಟ್ರೇಲಿಯಾ ತನ್ನ ಕಾಡುಜೀವಿಗಳನ್ನು ಜೀವಂತವಾಗಿ ವ್ಯಾಪಾರಕ್ಕೆ ಹೊರಗೆ ಕಳಿಸುವುದಿಲ್ಲ. ಅಲ್ಲಿಯ ಹಲವು ರಾಜ್ಯಗಳಲ್ಲಿ ಮನೆಯಲ್ಲಿ ಸಾಕಲೂ ಪರವಾನಗಿ ಬೇಕು. ಅಮೆರಿಕ, ಯುರೋಪಿನ ಮನೆಗಳಲ್ಲಿರುವವು ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದವುಗಳ ಸಂತಾನ.

ಮೊಟ್ಟೆಯೊಡೆದು ಬಂದಾಗ ಮರಿ ಬಾಲವೂ ಸೇರಿ ಸುಮಾರು 10 ಸೆಂಟಿಮೀಟರ್. ತೂಕ ಎರಡು ಮೂರು ಗ್ರಾಂ. ಒಂದು ವರ್ಷ, ಒಂದೂವರೆ ವರ್ಷದಲ್ಲಿ ಅದು 45ರಿಂದ 60 ಸೆಂಟಿಮೀಟರ್ ಮುಟ್ಟುತ್ತದೆ. ಅಷ್ಟು ಕಡಿಮೆ ಅವಧಿಯಲ್ಲಿ ಅಷ್ಟೊಂದು ಮೂಳೆ ಕಟ್ಟಬೇಕು. ಮರಿಯ ಆರೈಕೆಯಲ್ಲಿ ಎಡವಿದವರು ಎಡವುವುದು ಹೆಚ್ಚಾಗಿ ಈ ಮೂಳೆಯ ವಿಷಯದಲ್ಲೇ.

ಮೂಳೆಗೆ ಬೇಕಾದ್ದು ಕ್ಯಾಲ್ಸಿಯಂ. ಹುಳದಲ್ಲಿ ಅದು ಸಿಗುವುದಿಲ್ಲವೇ? ಸಿಗುತ್ತದೆ, ಆದರೆ ತೀರಾ ಕಡಿಮೆ. ಸಾಮಾನ್ಯವಾಗಿ ಉಣಿಸುವ ಕ್ರಿಕೆಟ್ ಹುಳ, ಅಂದರೆ ರಾತ್ರಿ ಮೂಲೆಯಲ್ಲಿ ಕೂತು ಕಿರ್‍ರೆನ್ನುವ ಚಿಮ್ಮಂಡೆಯ ಮೈಯಲ್ಲಿ ರಂಜಕದ ಪ್ರಮಾಣ ಕ್ಯಾಲ್ಸಿಯಂನ ಹಲವು ಪಟ್ಟು. ಮರಿಗೆ ಬೇಕಾದ್ದು ಇದರ ತಿರುಗುಮುರುಗು: ಒಂದು ಪಾಲು ರಂಜಕಕ್ಕೆ ಸುಮಾರು ಎರಡು ಪಾಲು ಕ್ಯಾಲ್ಸಿಯಂ. ಹಾಗಾಗಿ ಹುಳವನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿಯೇ ಕೊಡುತ್ತಾರೆ. ಬೋಂಡಕ್ಕೆ ಹಿಟ್ಟು ಹಿಡಿಸಿದಷ್ಟು ದಪ್ಪ ಬೇಡ, ತೆಳ್ಳಗೆ ಬೂದಿ ಬಳಿದಂತಿದ್ದರೆ ಸಾಕು. ಹುಳವೂ ಹಸಿದಿರಬಾರದು. ಕೊಡುವುದಕ್ಕೆ ಒಂದೆರಡು ದಿನ ಮೊದಲೇ ಅದಕ್ಕೆ ಸೊಪ್ಪು, ಕ್ಯಾರೆಟ್ ತಿನ್ನಿಸಿರಬೇಕು. ಉಪವಾಸ ಬಿದ್ದ ಹುಳವೆಂದರೆ ಬರೀ ಸಿಪ್ಪೆ.

ಪುಡಿ ಹೊಟ್ಟೆ ಸೇರಿದ ಮಾತ್ರಕ್ಕೆ ಮೂಳೆ ಸೇರುವುದಿಲ್ಲ. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಲು ಡಿ3 ವಿಟಮಿನ್ ಬೇಕು. ಅದನ್ನು ಓತಿ ತನ್ನ ಚರ್ಮದಲ್ಲೇ ತಯಾರಿಸಿಕೊಳ್ಳುತ್ತದೆ, ನಾವು ತಯಾರಿಸಿಕೊಳ್ಳುವ ಹಾಗೆಯೇ. ಬಿಸಿಲಿನಲ್ಲಿರುವ ಯುವಿ-ಬಿ ಎಂಬ ಕಣ್ಣಿಗೆ ಕಾಣದ ಕಿರಣ ಚರ್ಮದೊಳಗಿನ ಕೊಲೆಸ್ಟೆರಾಲ್‌ನ ಹತ್ತಿರದ ನಂಟನಾದ ಒಂದು ವಸ್ತುವಿಗೆ ತಾಗಿ ಅದರ ಕಟ್ಟನ್ನು ಬಿಚ್ಚುತ್ತದೆ. ಬಿಚ್ಚಿದ್ದು ಮೈಯ ಕಾವಿನಲ್ಲಿ ನಿಧಾನಕ್ಕೆ ಡಿ3 ಆಗಿ ತಿರುಗುತ್ತದೆ. ಮುಂದೆ ಯಕೃತ್ತು, ಮೂತ್ರಪಿಂಡ ಅದಕ್ಕೆ ಕೊನೆಯ ರೂಪ ಕೊಡುತ್ತವೆ. ಇಲ್ಲಿ ಬೆಳಕೂ ಬೇಕು, ಕಾವೂ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕಾಲು ಸೊಟ್ಟಗಾದ ರಿಕೆಟ್ಸ್ ಮಕ್ಕಳನ್ನು ಬರ್ಲಿನ್ನಿನ ವೈದ್ಯ ಕರ್ಟ್ ಹುಲ್ಡ್‌ಶಿನ್ಸ್ಕಿ 1919ರಲ್ಲಿ ಅತಿನೇರಳೆ ದೀಪದ ಮುಂದೆ ಕೂರಿಸಿ ಗುಣಪಡಿಸಿ ತೋರಿಸಿದ್ದ. ಗಾಜಿನ ಪೆಟ್ಟಿಗೆಯ ಈ ದೀಪ ಅದೇ ಚಿಕಿತ್ಸೆಯ ಮುಂದುವರಿಕೆ.

ಕ್ಯಾಲ್ಸಿಯಂ ಸಾಲದೇ ಹೋದರೆ ಏನಾಗುತ್ತದೆ? ರಕ್ತದಲ್ಲಿ ಅದರ ಮಟ್ಟ ಇಳಿದರೆ ಹೃದಯ, ಸ್ನಾಯು ನಡೆಯುವುದಿಲ್ಲ. ಹಾಗಾಗಿ ಪ್ಯಾರಾಥೈರಾಯ್ಡ್ ಗ್ರಂಥಿಯ ಅಪ್ಪಣೆಯಂತೆ ದೇಹ ತನ್ನ ಮೂಳೆಯನ್ನೇ ಕರಗಿಸಿ ರಕ್ತಕ್ಕೆ ಸುರಿಯುತ್ತದೆ. ಮರಿ ಮೇಲ್ನೋಟಕ್ಕೆ ತಿಂದುಂಡು ಗುಂಡಗಿರುತ್ತದೆ. ಒಳಗೆ ಅಸ್ಥಿ ಸವೆಯುತ್ತಿರುತ್ತದೆ. ಕಾಲ್ಬೆರಳು ಅದುರುವುದು, ದವಡೆ ರಬ್ಬರಿನಂತೆ ಮೆತ್ತಗಾಗುವುದು, ಹೊಟ್ಟೆಯನ್ನು ನೆಲದಿಂದ ಎತ್ತಲಾಗದೆ ತೆವಳುವುದು ಇದರ ಲಕ್ಷಣ. ಇಷ್ಟು ಕಂಡ ಮೇಲೆ ಸರೀಸೃಪ ಬಲ್ಲ ಪಶುವೈದ್ಯರ ಬಳಿಗೆ ಅವತ್ತೇ ಒಯ್ಯಬೇಕು. ರೋಗ ನಿಲ್ಲಬಹುದು, ಸೊಟ್ಟಗಾದ ಮೂಳೆ ಪೂರ್ತಿ ನೆಟ್ಟಗಾಗುವುದು ಕಷ್ಟ.

"ಕಿಟಕಿಯ ಪಕ್ಕ ಇಟ್ಟಿದ್ದೇವಲ್ಲ, ಬಿಸಿಲು ಬೀಳುತ್ತೆ" ಎನ್ನುವವರಿದ್ದಾರೆ. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಮರಿಗೆ ಸಿಗುವುದು ಶೆಕೆ ಮಾತ್ರ. ಯುವಿ ದೀಪಕ್ಕೂ ಆಯುಷ್ಯವಿದೆ. ಆರು ತಿಂಗಳೋ ವರ್ಷವೋ ಕಳೆದ ಮೇಲೆ ಅದು ಉರಿಯುತ್ತಲೇ ಇರುತ್ತದೆ, ನಮ್ಮ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ಯುವಿ ಮಾತ್ರ ಕುಂದಿರುತ್ತದೆ. ನನ್ನ ಸೋದರಳಿಯ ಬಲ್ಬು ಹಾಕಿದ ತಾರೀಖನ್ನು ಚೀಟಿಯಲ್ಲಿ ಬರೆದು ಗಾಜಿಗೆ ಅಂಟಿಸಿದ್ದಾನೆ. ಸಾಕಲು ಹೊರಟವರಿಗೆ ನಾನು ಹೇಳುವುದಿಷ್ಟು: ಕೈಯಲ್ಲಿರುವ ಹಣವನ್ನು ಮೊದಲು ದೀಪಕ್ಕೆ ಹಾಕಿ.

ಇನ್ನು ಕಾವಿನ ಮಾತು. ಪೆಟ್ಟಿಗೆಯ ಒಂದು ತುದಿಯಲ್ಲಿ, ದೀಪದ ಕೆಳಗೆ, ಕಲ್ಲಿನ ಮೇಲ್ಮೈ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಇನ್ನೊಂದು ತುದಿಯಲ್ಲಿ 25ರ ಹತ್ತಿರ. ಸಾಕಾದಾಗ ತಂಪಿಗೆ ಸರಿಯುವ ದಾರಿ ಅದಕ್ಕಿರಲೇಬೇಕು. ಬಾಯಿ ತೆರೆದು ಕೂತರೆ ಗಾಬರಿ ಬೇಡ, ಹೆಚ್ಚಾದ ಕಾವನ್ನು ಹೊರಗೆ ಬಿಡುವ ಬಗೆಯದು. ಮೈ ತಣ್ಣಗಿದ್ದಾಗ ಅದರ ಜಠರ ಬಹುಮಟ್ಟಿಗೆ ಸುಮ್ಮನಿರುತ್ತದೆ. ತಿಂದ ಹುಳ ಅರಗದೆ ಅಲ್ಲೇ ಕೊಳೆಯಬಹುದು. ಬೆಳಗಿನ ಊಟವನ್ನು ಹುಡುಗ ತಡಮಾಡಿದ್ದು ಇದಕ್ಕೇ. ಸಂಜೆಯ ಊಟವನ್ನೂ ದೀಪ ಆರುವುದಕ್ಕೆ ಒಂದೆರಡು ಗಂಟೆ ಮೊದಲೇ ಮುಗಿಸುತ್ತಾನೆ.

ಕಾವು ಇದರ ಬಾಳಿನೊಳಗೆ ಎಷ್ಟು ಆಳಕ್ಕಿಳಿದಿದೆ ನೋಡಿ. ಮೊಟ್ಟೆಗಳಿಗೆ ಸುಮಾರು 32 ಡಿಗ್ರಿಗಿಂತ ಹೆಚ್ಚು ಬಿಸಿ ತಾಗಿದರೆ, ವರ್ಣತಂತುವಿನ ಲೆಕ್ಕದಲ್ಲಿ ಗಂಡಾಗಬೇಕಿದ್ದ ಮರಿ ಹೆಣ್ಣಾಗಿ ಹೊರಬರಬಹುದು. ಆಸ್ಟ್ರೇಲಿಯಾದ ಸಂಶೋಧಕರು 2007ರಲ್ಲಿ ಇದನ್ನು ಪ್ರಕಟಿಸಿದರು. 2015ರಲ್ಲಿ ಕಾಡಿನ ಓತಿಗಳಲ್ಲೂ ಇದು ನಡೆಯುತ್ತಿದೆ ಎಂಬುದು ತಿಳಿಯಿತು.

ಮರಿಗೆ ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷದಲ್ಲಿ ತಿನ್ನುವಷ್ಟು ಹುಳ. ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಬೇಡ. ಚಿಮ್ಮಂಡೆಯಲ್ಲದೆ ಸಾಕಿದ ಡೂಬಿಯಾ ಜಿರಳೆ, ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆದ ರೇಷ್ಮೆ ಹುಳವೂ ಒಳ್ಳೆಯದೇ. ಹುಟ್ಟೂರಿನಲ್ಲಿ ಇವು ರೆಕ್ಕೆ ಬಂದ ಗೆದ್ದಲುಗಳನ್ನು, ಮೊದಲ ಮಳೆಯ ಸಂಜೆ ನಮ್ಮ ದೀಪಕ್ಕೆ ಮುತ್ತುವಂಥ ಹುಳಗಳನ್ನು, ಮುಕ್ಕುತ್ತವೆ. ಆದರೆ ತೋಟದಲ್ಲಿ ಹಿಡಿದ ಹುಳ ಕೊಡಬಾರದು, ಕೀಟನಾಶಕದ ಭಯ. ಮಿಂಚುಹುಳವಂತೂ ಬೇಡವೇ ಬೇಡ. ಅಮೆರಿಕದ ಕೆಲವು ಮಿಂಚುಹುಳಗಳ ಮೈಯಲ್ಲಿ ಕಪ್ಪೆವಿಷವನ್ನು ಹೋಲುವ ನಂಜಿದೆ. ಒಂದೇ ಹುಳ ತಿಂದು ಗಡ್ಡದ ಓತಿ ಸತ್ತದ್ದು ದಾಖಲಾಗಿದೆ.

ಸೊಪ್ಪನ್ನು ಮರಿ ಮೂಸಿಯೂ ನೋಡದಿರಬಹುದು. ಆದರೂ ದಿನವೂ ಸಾಸಿವೆ ಸೊಪ್ಪು, ಹಿಪ್ಪುನೇರಳೆ ಎಲೆ, ತುರಿದ ಸಿಹಿಗುಂಬಳ ಇಡುತ್ತಿರಬೇಕು. ಬೆಳೆದಂತೆ ಲೆಕ್ಕ ತಿರುಗಿ ಸೊಪ್ಪೇ ಮುಖ್ಯ ಊಟವಾಗುತ್ತದೆ. ಪಾಲಕ್‌ನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಅದು ಅಪರೂಪಕ್ಕಿರಲಿ. ಬೆಣ್ಣೆಹಣ್ಣು ವಿಷ.

ಇದರ ನೆತ್ತಿಯ ಮೇಲೆ ಚುಕ್ಕಿಯಷ್ಟು ಮೂರನೇ ಕಣ್ಣಿದೆ. ಅದಕ್ಕೆ ಚಿತ್ರ ಕಾಣುವುದಿಲ್ಲ, ನೆರಳು ಬೆಳಕು ತಿಳಿಯುತ್ತದೆ. ಮೇಲಿನಿಂದ ಬರುವ ಕೈ ಅದಕ್ಕೆ ಹದ್ದಿನ ನೆರಳು. ಪಕ್ಕದಿಂದ, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಎತ್ತಬೇಕು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಆರೋಗ್ಯವಂತ ಓತಿಯಲ್ಲೂ ಇರುತ್ತದೆ. ಐದು ವರ್ಷದೊಳಗಿನ ಮಕ್ಕಳು ಮುಟ್ಟದಿರುವುದೇ ಕ್ಷೇಮ. ಪೆಟ್ಟಿಗೆಗೊಂದೇ ಮರಿ. ಜೊತೆಯಿದ್ದರೆ ಒಂದು ಇನ್ನೊಂದರ ಬೆರಳು, ಬಾಲ ಕಚ್ಚುತ್ತದೆ, ಹಲ್ಲಿಯ ಬಾಲದ ಹಾಗಲ್ಲ, ಇದರ ಬಾಲ ಮತ್ತೆ ಬೆಳೆಯುವುದಿಲ್ಲ.

ಅವತ್ತು ಸಂಜೆ ಹುಡುಗ ಹದಿನಾಲ್ಕು ಚಿಮ್ಮಂಡೆ ಬಿಟ್ಟಿದ್ದ. ಮರಿ ತಿಂದದ್ದು ಹನ್ನೆರಡು. ಒಂದು ಕೈಗೆ ಸಿಕ್ಕಿತು. ಉಳಿದ ಒಂದಕ್ಕಾಗಿ ಮರದ ತುಂಡು ಎತ್ತಿ, ನೆಲಕ್ಕೆ ಹಾಸಿದ್ದ ಕಾಗದ ಮಗುಚಿ ಹುಡುಕುತ್ತಿದ್ದ. ಮರಿ ನಿದ್ದೆ ಹೋದ ಮೇಲೆ ಹಸಿದ ಚಿಮ್ಮಂಡೆ ಅದರ ಕಣ್ಣಂಚನ್ನೋ ಬೆರಳನ್ನೋ ಕಡಿಯುತ್ತದೆ. "ಮಾಮ, ಟಾರ್ಚ್ ಹಿಡ್ಕೋ" ಎಂದ. ಕಲ್ಲಿನ ಸಂದಿಯಲ್ಲಿ ಎರಡು ಮೀಸೆ ಅಲ್ಲಾಡಿದವು. ಅದನ್ನು ಡಬ್ಬಿಗೆ ಹಾಕಿದ ಮೇಲೆಯೇ ದೀಪ ಆರಿಸಿದ್ದು.