ಹಳೇ ಟಿಲ್ಲರಿಗೆ ಬೇರೆ ಎಂಜಿನ್: ಎಚ್‌ಪಿ ನೋಡಿದೆ, ಸುತ್ತು ನೋಡಲಿಲ್ಲ

2024ರ ಮುಂಗಾರು ಶುರುವಾಗೋ ಹೊತ್ತಿಗೆ ನಮ್ಮ ಪವರ್ ಟಿಲ್ಲರಿನ ಎಂಜಿನ್ ಕೈಕೊಟ್ಟಿತು. ಒಮ್ಮೆಲೇ ಅಲ್ಲ. ಮೊದಲು ನೀಲಿ ಹೊಗೆ, ಆಮೇಲೆ ವಾರಕ್ಕೊಮ್ಮೆ ಆಯಿಲ್ ಸುರಿಯೋದು, ಕೊನೆಗೆ ಬೆಳಿಗ್ಗೆ ನಾನು, ತಮ್ಮ ಇಬ್ಬರೂ ಸರದಿ ಮೇಲೆ ಹ್ಯಾಂಡಲ್ ತಿರುವಿದರೂ ಸ್ಟಾರ್ಟ್ ಇಲ್ಲ. ಬಿಚ್ಚಿಸಿ ನೋಡಿದರೆ ಲೈನರ್ ಸವೆದಿತ್ತು, ರಿಂಗುಗಳು ಬ್ಲೇಡಿನಂತೆ ತೆಳ್ಳಗಾಗಿದ್ದವು, ಕ್ರ್ಯಾಂಕಿಗೂ ಗೀರು ಬಿದ್ದಿತ್ತು.

ತಪ್ಪು ಯಂತ್ರದ್ದಲ್ಲ, ನಮ್ಮದೇ. ನಮ್ಮ ಹೊಲ ಇರೋದು ಮರಿಯಮ್ಮನಹಳ್ಳಿ ಹತ್ತಿರ, ಹೆದ್ದಾರಿ ಪಕ್ಕ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸೋ ಮುಂಚೆ ಇಲ್ಲಿ ಅದಿರು ಲಾರಿಗಳ ಸಾಲು ಹೇಗಿತ್ತು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಎಲೆ ಕೆಂಪು, ಬಟ್ಟೆ ಕೆಂಪು. ಆ ದೂಳೇ ಎಂಜಿನ್ನಿಗೂ ಗಾಳಿ. ಟಿಲ್ಲರಿನ ಏರ್ ಕ್ಲೀನರಿನ ತಳದಲ್ಲಿ ಒಂದು ಆಯಿಲ್ ಬಟ್ಟಲು ಇರುತ್ತೆ, ಒಳಗೆ ಹೋಗೋ ದೂಳನ್ನು ಹಿಡಿಯೋದು ಅದೇ. ನಮ್ಮ ಬಟ್ಟಲಿನಲ್ಲಿ ಆಯಿಲ್ ಇರಲಿಲ್ಲ, ಕೆಂಪು ಕೆಸರಿತ್ತು. ಮುನಿರಾಬಾದಿನ ತೋಟಗಾರಿಕೆ ಕಾಲೇಜಿನಲ್ಲಿ ಡಿಗ್ರಿ ಮಾಡಿದವನು ನಾನು. ಮಣ್ಣು ಪರೀಕ್ಷೆ ವರ್ಷಾ ವರ್ಷ ಮಾಡಿಸ್ತೀನಿ, ಆ ಬಟ್ಟಲನ್ನು ಮಾತ್ರ ಒಮ್ಮೆಯೂ ಬಿಚ್ಚಿರಲಿಲ್ಲ.

ಹೊಸ ಟಿಲ್ಲರ್ ಅಂದರೆ ಲಕ್ಷದ ಮೇಲಿನ ಮಾತು. ಸಬ್ಸಿಡಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕಬಹುದು, ಆದರೆ ನಮ್ಮ ಸರದಿ ಬರೋವರೆಗೆ ಮಳೆ ಕಾಯಲ್ಲ. ಬಾಡಿಗೆಗೆ ತರೋಣ ಅಂದರೆ ಹದ ಬಂದ ದಿನ ಊರಿಗೆಲ್ಲ ಒಟ್ಟಿಗೇ ಯಂತ್ರ ಬೇಕು. ನಮ್ಮದರ ಗೇರ್ ಬಾಕ್ಸ್ ಗಟ್ಟಿಯಾಗಿತ್ತು, ರೋಟರಿ ಚೆನ್ನಾಗಿತ್ತು. ಎಂಜಿನ್ ಒಂದು ಬದಲಿಸಿದರೆ ಆಯ್ತಲ್ಲ ಅಂದುಕೊಂಡೆ.

ಮೊಬೈಲಿನಲ್ಲಿ ಹುಡುಕಿದೆ. ಹಳೆಯ ಡೀಸೆಲ್ ಎಂಜಿನ್ 12 ಎಚ್‌ಪಿ, 13 ಎಚ್‌ಪಿಯ ಪೆಟ್ರೋಲ್ ಎಂಜಿನ್ ಒಂದು ಕಡಿಮೆ ಬೆಲೆಗೆ ಕಾಣಿಸ್ತು. ಎಚ್‌ಪಿ ಒಂದು ಜಾಸ್ತಿಯೇ ಇದೆ, ಒಬ್ಬನೇ ಎತ್ತಿಡಬಹುದಾದಷ್ಟು ಹಗುರ, ಹಗ್ಗ ಎಳೆದರೆ ಸ್ಟಾರ್ಟ್. ತರಿಸಿದೆ. ಹಳೇ ಪುಲ್ಲಿಯದೇ ಒಳತೂತಿಗೆ ಬುಷ್ ಹಾಕಿಸಿ ಕೂರಿಸಿದೆ. ಅಪ್ಪ ಸುತ್ತ ಒಂದು ಸಲ ನಡೆದು ನೋಡಿ, "ಮೂತಿ ಇಲ್ಲದ ಎತ್ತಿನಂಗೈತಲ್ಲೋ" ಅಂದರು. ನಾನು ನಕ್ಕೆ.

ಮೊದಲ ದಿನವೇ ಮಣ್ಣು ಹಿಟ್ಟಾಯಿತು. ನೋಡೋಕೆ ಚಂದ. ಆದರೆ ಮೂರು ವರ್ಷ ಎರೆಹುಳ, ಹೊದಿಕೆ ಅಂತ ಕಟ್ಟಿಕೊಂಡ ಉಂಡೆಯುಂಡೆ ಮಣ್ಣು ಅದು, ಹೀಗೆ ಪುಡಿಯಾದರೆ ಒಂದೇ ಮಳೆಗೆ ಮೇಲೆ ಹೆಕ್ಕಳಿಕೆ ಕಟ್ಟುತ್ತೆ. ಏನೋ ಸರಿಯಿಲ್ಲ ಅಂತ ಆಗಲೇ ಅನ್ನಿಸಬೇಕಿತ್ತು.

ಎರಡನೇ ದಿನ ಸುಗಂಧಿ ಬಾಳೆ ಸಾಲಿನ ಕೊನೆಯಲ್ಲಿ ತಮ್ಮ ರೋಟರಿ ಬಿಡಿಸದೆ ರಿವರ್ಸ್ ಹಾಕಿಬಿಟ್ಟ. ಹಾಕಬಾರದು, ಅವನಿಗೂ ಗೊತ್ತು. ಹಳೇ ಎಂಜಿನ್ನಿನಲ್ಲಿ ಹೀಗಾದಾಗ ಕ್ಲಚ್ ಎಳೆಯೋಕೆ ಒಂದು ಕ್ಷಣ ಸಿಗುತ್ತಿತ್ತು. ಈ ಸಲ ಸಿಗಲಿಲ್ಲ. ಟಿಲ್ಲರ್ ಹಿಂದಕ್ಕೆ ನೆಗೆದು, ಹ್ಯಾಂಡಲ್ ಅವನ ಎದೆಗೆ ಒತ್ತಿ, ಬೆನ್ನು ಬಾಳೆಗಿಡಕ್ಕೆ ಹತ್ತಿತು. ಬಾಳೆ ದಿಂಡು ಮೆತ್ತಗಲ್ಲವೇ, ಬಾಗಿ ಮುರಿದು ಬಿತ್ತು, ಇವನೂ ಪಕ್ಕಕ್ಕೆ ಬಿದ್ದ. ನಾನು ಓಡಿಹೋಗಿ ಸ್ವಿಚ್ ಆಫ್ ಮಾಡೋಷ್ಟರಲ್ಲಿ ಬ್ಲೇಡಿಗೂ ಅವನ ಕಾಲಿಗೂ ಒಂದು ಗೇಣಿತ್ತು. ಅದೇ ಜಾಗದಲ್ಲಿ ನಾಲ್ಕು ಹೆಜ್ಜೆ ಆಚೆ ತೆಂಗಿನ ಮರ ಇದೆ. ಆವತ್ತು ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಎಂಜಿನ್ ಬಿಚ್ಚಿ ಹೊಸಪೇಟೆಗೆ ಒಯ್ದೆ. ಅಲ್ಲಿ ಲೇತ್ ಇಟ್ಟಿರೋ ಒಬ್ಬ ಹಿರಿಯರಿದ್ದಾರೆ, ಎಲ್ಲರೂ ಚಾಚಾ ಅಂತಾರೆ. ಪ್ಲೇಟಿನ ಮೇಲೆ ಬೆರಳಿಟ್ಟು ಹೇಳಿದರು: "ಎಚ್ಪಿ ನೋಡಿ ತಂದೀಯಪ್ಪ, ಸುತ್ತು ನೋಡಿಲ್ಲ. ತೂಕಾನೂ ನೋಡಿಲ್ಲ."

ಲೆಕ್ಕ ಬಹಳ ಸುಲಭ. ಹಳೇ ಎಂಜಿನ್ ನಿಮಿಷಕ್ಕೆ 2400 ಸುತ್ತಿನದು, ಪೆಟ್ರೋಲಿನದು 3600. ಪುಲ್ಲಿ ಅದೇ ಇಟ್ಟರೆ ರೋಟರಿಯೂ ಚಕ್ರವೂ ಒಂದೂವರೆ ಪಟ್ಟು ಜೋರು, ರಿವರ್ಸ್ ಕೂಡ. ಹಾಗಾದರೆ ಪುಲ್ಲಿ ಚಿಕ್ಕದು ಮಾಡೋಣ ಅಂದರೆ, ನಮ್ಮ 120 ಮಿಲಿಮೀಟರ್ ಪುಲ್ಲಿ 80ಕ್ಕೆ ಇಳಿಯಬೇಕು. ಅಷ್ಟು ಸಣ್ಣ ಪುಲ್ಲಿಯ ಮೇಲೆ ದಪ್ಪ ಬೆಲ್ಟು ಬಿಗಿಯಾಗಿ ಬಾಗಬೇಕು, ಹಿಡಿತ ಸಾಲದು, ಜಾರಿ ಸುಡುತ್ತೆ. ಇನ್ನು ತೂಕ. ಟಿಲ್ಲರಿನಲ್ಲಿ ಎಂಜಿನ್ ಬರೀ ಶಕ್ತಿ ಕೊಡೋದಲ್ಲ, ಹಿಂದಿನ ರೋಟರಿಗೆ ಮುಂದಿನ ತಕ್ಕಡಿ ಕಲ್ಲೂ ಅದೇ. 140 ಕಿಲೋ ಆಸುಪಾಸಿನ ಎಂಜಿನ್ ಇಳಿಸಿ 30 ಚಿಲ್ಲರೆ ಕಿಲೋದ್ದು ಇಟ್ಟರೆ ಮುಂಭಾಗ ಹಗುರಾಗಿ ಯಂತ್ರ ಹತೋಟಿ ತಪ್ಪುತ್ತೆ. ಅಪ್ಪ ಹೇಳಿದ ಮೂತಿ ಇಲ್ಲದ ಎತ್ತು ಇದೇ.

ಚಾಚಾ ತೋರಿಸಿದ್ದು 195 ಮಾದರಿಯ ಸೆಕೆಂಡ್ ಹ್ಯಾಂಡ್ ಡೀಸೆಲ್ ಎಂಜಿನ್. ಚೀನಾ ವಿನ್ಯಾಸದ್ದು, ಮಲಗಿಸಿದ ಸಿಲಿಂಡರ್. ಈ ನಂಬರಿನ ಗುಟ್ಟು ತಿಳಿದಿರಲಿ: ಮೊದಲ 1 ಅಂದರೆ ಒಂದು ಸಿಲಿಂಡರ್, 95 ಅಂದರೆ ಅದರ ಒಳ ಅಗಲ 95 ಮಿಲಿಮೀಟರ್. 12 ಎಚ್‌ಪಿ, 2000 ಸುತ್ತು, ತೂಕ ಹೆಚ್ಚುಕಡಿಮೆ ಹಳೆಯದರಷ್ಟೇ. ಇಲ್ಲೂ ಪುಲ್ಲಿ ಬದಲಿಸಲೇಬೇಕು, ಈ ಸಲ ಉಲ್ಟಾ. 2400ನ್ನು 2000ದಿಂದ ಭಾಗಿಸಿ 120ರಿಂದ ಗುಣಿಸಿ, 144 ಬರುತ್ತೆ. ಮೂರು ಗಾಡಿಯ 144ರ ಪುಲ್ಲಿ ಬೀಡಿನಲ್ಲಿ ಹೊಸದಾಗಿ ಕಡೆಸಿದೆವು. ಹಳೇ ಪುಲ್ಲಿಗೆ ಸುತ್ತ ಪಟ್ಟಿ ವೆಲ್ಡ್ ಮಾಡಿ ಕೊಡ್ತೀನಿ ಅಂತ ಇನ್ನೊಬ್ಬರು ಹೇಳಿದ್ದರು. ಬೇಡವೇ ಬೇಡ. ತಿರುಗುವಾಗ ಸಿಡಿದರೆ ಗುಂಡಿಗೂ ಅದಕ್ಕೂ ವ್ಯತ್ಯಾಸವಿಲ್ಲ.

ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾದಾಗ ಊರಿಗೆ ಊರೇ ಹೊಳೆ ನೋಡೋಕೆ ಹೋಗಿತ್ತು. ನಾನು ಆ ವಾರವೆಲ್ಲ ಲೇತ್ ಅಂಗಡಿಯಲ್ಲೇ ಇದ್ದೆ.

ಕೂರಿಸೋದರಲ್ಲಿ ಕಷ್ಟ ಅಂದರೆ ಸಾಲು ಹಿಡಿಯೋದು. ಹಳೇ ಬೋಲ್ಟ್ ತೂತುಗಳು ಹೊಂದಲಿಲ್ಲ. ಚಾಸಿಸ್‌ಗೆ ಹೊಸ ತೂತು ಕೊರೆಯದೆ, ನಡುವೆ ದಪ್ಪ ಕಬ್ಬಿಣದ ಪ್ಲೇಟ್ ಇಟ್ಟು, ಅದರಲ್ಲಿ ಉದ್ದ ತೂತು ಮಾಡಿಸಿದೆವು. ಎಂಜಿನ್ ಮುಂದಕ್ಕೆ ಹಿಂದಕ್ಕೆ ಸರಿಸೋಕೆ ಅದು ಬೇಕೇ ಬೇಕು, ಪುಲ್ಲಿ ದೊಡ್ಡದಾದಷ್ಟು ಬೆಲ್ಟಿನ ಲೆಕ್ಕ ಬದಲಾಗುತ್ತೆ. ಎರಡೂ ಪುಲ್ಲಿಯ ಮುಖಕ್ಕೆ ಒಂದು ನೂಲು ಎಳೆದು ಹಿಡಿಯಿರಿ, ನಾಲ್ಕೂ ಕಡೆ ತಾಗಬೇಕು. ತಾಗದಿದ್ದರೆ ಬೆಲ್ಟ್ ಒಂದು ಪಕ್ಕ ಸವೆದು ಬಿಚ್ಚಿಕೊಳ್ಳುತ್ತೆ. ಮೂರೂ ಬೆಲ್ಟ್ ಒಟ್ಟಿಗೇ ಹೊಸದು ಹಾಕಿ, ಹಳೆಯದು ಒಂದಿದ್ದರೂ ಭಾರವೆಲ್ಲ ಹೊಸದರ ಮೇಲೆ ಬೀಳುತ್ತೆ. ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ತಗ್ಗಿದರೆ ಸರಿ. ಎಂಜಿನ್ ಯಾವ ಕಡೆ ತಿರುಗುತ್ತೆ ಅನ್ನೋದನ್ನು ಕೊಳ್ಳುವಾಗಲೇ ನೋಡಿ, ಉಲ್ಟಾ ಇದ್ದರೆ ಮುಂದಿನ ಗೇರಿಗೆ ಟಿಲ್ಲರ್ ಹಿಂದಕ್ಕೆ ನಡೆಯುತ್ತೆ. ಬೆಲ್ಟಿನ ಕವರ್ ಹಳೆಯದು ಹಿಡಿಸಲಿಲ್ಲ, ತಗಡಿನಲ್ಲಿ ಹೊಸದು ಮಾಡಿಸಿದೆ. ಕವರ್ ಇಲ್ಲದೆ ಪಂಚೆ, ಟವೆಲ್ ಕಟ್ಟಿಕೊಂಡು ಓಡಿಸೋರನ್ನು ನೋಡಿದರೆ ಈಗ ನನಗೆ ಎದೆ ಝಲ್ಲೆನ್ನುತ್ತೆ.

ಈಗ ನಿಮ್ಮ ಕೈಲಿರೋ ಮೊಬೈಲಿನ ಕೆಲಸ. ಸುತ್ತು ಅಳೆಯೋ ಮೀಟರ್ ನಮ್ಮ ಹತ್ತಿರ ಇರಲ್ಲ. ಪುಲ್ಲಿಯ ಅಂಚಿಗೆ ಬಿಳಿ ಬಣ್ಣದ ಒಂದು ಗೆರೆ ಹಾಕಿ, ಒಣಗಲಿ. ಬೆಲ್ಟ್ ಕಳಚಿಟ್ಟು ಎಂಜಿನ್ ಮಾತ್ರ ಸ್ಟಾರ್ಟ್ ಮಾಡಿ, ಪುಲ್ಲಿಯ ನೇರಕ್ಕೆ ನಿಲ್ಲದೆ ದೂರದಿಂದ, ಓರೆಯಾಗಿ ನಿಂತು ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಸೆಟ್ಟಿಂಗ್ ಸೆಕೆಂಡಿಗೆ 240 ಫ್ರೇಮ್ ಇರಲಿ. ಆಮೇಲೆ ಒಂದೊಂದೇ ಫ್ರೇಮ್ ಸರಿಸುತ್ತಾ ಗೆರೆ ಮತ್ತೆ ಅದೇ ಜಾಗಕ್ಕೆ ಬರೋಕೆ ಎಷ್ಟು ಫ್ರೇಮ್ ಬೇಕು ಎಣಿಸಿ. ಆರು ಬಂದರೆ 2400 ಸುತ್ತು. ಏಳಕ್ಕಿಂತ ಸ್ವಲ್ಪ ಜಾಸ್ತಿ ಬಂದರೆ 2000. ನಾಲ್ಕೇ ಬಂದರೆ 3600. ಹತ್ತು ಸುತ್ತು ಎಣಿಸಿ ಹತ್ತರಿಂದ ಭಾಗಿಸಿದರೆ ಇನ್ನೂ ನಿಖರ. ಪೆಟ್ರೋಲ್ ಎಂಜಿನ್ನಿಗೆ ಇದನ್ನು ಮಾಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ನಮ್ಮ 195ಕ್ಕೆ ಹತ್ತು ಸುತ್ತಿಗೆ 72 ಫ್ರೇಮ್ ಬಂತು. ಎಳೆತ ಸಾಲದು ಅಂತ ಗವರ್ನರ್ ಸ್ಕ್ರೂ ತಿರುವಿ ಸುತ್ತು ಏರಿಸೋರಿದ್ದಾರೆ, ಆ ಕೆಲಸಕ್ಕೆ ಹೋಗಬೇಡಿ, ಪುಲ್ಲಿ ಸರಿಮಾಡಿಸಿ.

ಸ್ಟಾರ್ಟ್ ಮಾಡುವಾಗ ಹೆಬ್ಬೆರಳು ಹ್ಯಾಂಡಲ್ ಸುತ್ತ ಹೋಗದಿರಲಿ, ಉಳಿದ ಬೆರಳಿನ ಜೊತೆಗೇ ಒಂದೇ ಕಡೆ ಇರಲಿ. ಎಂಜಿನ್ ಒದ್ದರೆ ಕೈ ಜಾರಿ ಬಿಟ್ಟುಕೊಳ್ಳುತ್ತೆ, ಇಲ್ಲಾಂದ್ರೆ ಮೂಳೆ ಹೋಗುತ್ತೆ.

ಎಂಜಿನ್, ಪುಲ್ಲಿ, ಬೆಲ್ಟ್, ಪ್ಲೇಟ್ ಎಲ್ಲ ಸೇರಿ ನನಗೆ ಮೂವತ್ತು ಸಾವಿರದ ಒಳಗೆ ಆಯಿತು, ಪೆಟ್ರೋಲ್ ಎಂಜಿನ್ನಿಗೆ ಕೊಟ್ಟದ್ದು ಬೇರೆ. ಅದನ್ನು ಮಾರಿಲ್ಲ. ಬಾಳೆ ದಿಂಡು ಕತ್ತರಿಸೋ ಯಂತ್ರಕ್ಕೆ ಕೂರಿಸಿದ್ದೇನೆ, ಅಲ್ಲಿ ಜೋರು ಸುತ್ತೇ ಬೇಕು. ತಮ್ಮ ಎರಡು ತಿಂಗಳು ಟಿಲ್ಲರ್ ಮುಟ್ಟಲಿಲ್ಲ. ಈಗ ಸಾಲಿನ ಕೊನೆಗೆ ಬಂದಾಗ ರೋಟರಿ ಲಿವರ್ ಬಿಡಿಸಿ, ಹಿಂದೆ ಒಮ್ಮೆ ತಿರುಗಿ ನೋಡಿ, ಆಮೇಲೆ ರಿವರ್ಸ್ ಹಾಕ್ತಾನೆ. ಏರ್ ಕ್ಲೀನರ್ ಬಟ್ಟಲಿನ ಕೆಲಸ ಅಪ್ಪ ವಹಿಸಿಕೊಂಡಿದ್ದಾರೆ. ಪ್ರತಿ ಸೋಮವಾರ ಡೀಸೆಲ್ಲಿನಲ್ಲಿ ತೊಳೆದು, ಗೆರೆವರೆಗೆ ಹೊಸ ಆಯಿಲ್ ಹಾಕಿ, ತಳದಲ್ಲಿ ಬಿದ್ದ ಕೆಂಪು ಕೆಸರನ್ನು ನನಗೆ ತಂದು ತೋರಿಸ್ತಾರೆ.