ದೀಪ ನಡೆಯುವ ದಾರಿ

ವಿಹಾರಕ್ಕೆಂದು ಗುಂಪುಗೂಡಿ ಕಾಡುಮೇಡುಗಳಲ್ಲಿ ಅಲೆಯುವುದು ನಗರವಾಸಿಗಳು ಕಲಿತ ಹವ್ಯಾಸ. ಹಳ್ಳಿಯವರು ಕಾರಣವಿಲ್ಲದೆ ನಡೆಯುವವರಲ್ಲ. ಅದರಲ್ಲಿಯೂ ಕಾಲಿಗೆ ಕೆಸರು, ತಲೆಗೆ ಇಬ್ಬನಿ ತಪ್ಪದ ಕಾರ್ತಿಕದ ಇರುಳಿನಲ್ಲಿ ಬೆಚ್ಚನೆಯ ಮನೆಯನ್ನು ಬಿಟ್ಟು ಯಾರು ತಾನೆ ಹೊರಟಾರು? ಆದರೂ ಶಿವಮೊಗ್ಗ ಜಿಲ್ಲೆಯ ಮಲೆನಾಡಿನಲ್ಲಿ ವರ್ಷಕ್ಕೊಮ್ಮೆ ಹಾಗೆ ಹೊರಡುವವರುಂಟು. ಅವರ ಆ ನಡಿಗೆಗೂ ಹಾಡಿಗೂ ಒಂದೇ ಹೆಸರು: ಅಂಟಿಗೆ-ಪಂಟಿಗೆ.

ಶಿಕಾರಿಪುರದಿಂದ ಸೊರಬದ ಕಡೆಗೆ ಪಡುವಲಾಗಿ ಸಾಗಿದಂತೆ ಬಯಲಿನ ಸೆರಗು ಮುಗಿದು ಮಲೆಯ ಸೆರಗು ತೊಡಗುತ್ತದೆ. ಗದ್ದೆಯ ಅಂಚಿಗೆ ಅಡಕೆಯ ತೋಟ; ಅದರಾಚೆ ಹಗಲೂ ಮಬ್ಬುಗವಿದ ಕಾನು. ಸೊರಬದ ಈ ಕಾನುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಷ್ಟು ಹಿಂದೆಯೇ ವರದಿ ಬರೆದಿದ್ದರು. ದೀಪಾವಳಿ ಇಲ್ಲಿಗೆ ಬರುವುದು ಸಾಮಾನ್ಯವಾಗಿ ಚಿತ್ತೆ, ಸ್ವಾತಿ, ವಿಶಾಖೆಗಳ ಹನಿ ಇನ್ನೂ ಪೂರ್ತಿ ತೊಲಗದ ಹೊತ್ತಿನಲ್ಲಿ. ಭತ್ತದ ತೆನೆ ಬಾಗಿರುತ್ತದೆ, ಬದು ಜಾರುತ್ತಿರುತ್ತದೆ.

ಬಲಿಪಾಡ್ಯಮಿಯ ರಾತ್ರಿ ಊರ ದೇವಸ್ಥಾನದಲ್ಲಿ ಹೊತ್ತಿಸಿದ ದೀಪವನ್ನು ಹಿಡಿದು ತಂಡ ಹೊರಡುತ್ತದೆ. ಇಬ್ಬರು ಮುಂದಾಗಿ ಹಾಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಮನೆಯ ಮುಂದೆ ನಿಂತು, ಬಾಗಿಲು ತೆರೆಯಿರೆಂದು ಹಾಡಿನಲ್ಲಿಯೇ ಬೇಡುತ್ತಾರೆ. ಬಲೀಂದ್ರನ ಕಥೆಯನ್ನು ಹೇಳುತ್ತಾರೆ. ಮನೆಯವರು ದೀಪವನ್ನು ಪೂಜಿಸಿ, ಅದಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ಬೆಲ್ಲ, ಕಾಣಿಕೆಗಳನ್ನು ಕೊಟ್ಟು ಕಳುಹಿಸುತ್ತಾರೆ. ಹೀಗೆ ಮನೆಯಿಂದ ಮನೆಗೆ, ಊರಿಂದ ಊರಿಗೆ ನಡೆಯುತ್ತ ಬೆಳಗಾಗುತ್ತದೆ.

ವ್ರತದ ಅವಧಿ ಮುಗಿಯುವವರೆಗೆ ಆ ದೀಪ ನಂದಬಾರದು. ಈ ಒಂದು ಕಟ್ಟಳೆಯಿಂದಲೇ ನಡಿಗೆಗೊಂದು ಶಿಸ್ತು ಬರುತ್ತದೆ. ಗಾಳಿ ಬೀಸಿದರೆ ಕಂಬಳಿ ಮರೆಯಾಗಬೇಕು; ಹನಿ ಬಿದ್ದರೆ ತಾನು ನೆನೆದು ದೀಪವನ್ನು ಕಾಯಬೇಕು. ಬಿರುಸಾಗಿ ನಡೆಯಬಲ್ಲವನೂ ದೀಪ ಹಿಡಿದವನ ಹೆಜ್ಜೆಯನ್ನು ಮೀರಲಾರ. ಇನ್ನೂ ಸೊಗಸಾದ ಸಂಗತಿಯೆಂದರೆ, ಒಂದು ಮನೆ ಎರೆದ ಎಣ್ಣೆ ಮುಂದಿನ ಮನೆಯ ಬಾಗಿಲವರೆಗೆ ದಾರಿ ತೋರುತ್ತದೆ. ಕಟ್ಟಕಡೆಯ ಮನೆಯ ಅಂಗಳದಲ್ಲಿ ಬೆಳಗುವ ದೀಪಕ್ಕೆ, ಹಿಂದೆ ಬಿಟ್ಟುಬಂದ ಮನೆಗಳೆಲ್ಲದರ ಋಣವಿರುತ್ತದೆ.

ಶಿಕಾರಿಪುರ ಸೀಮೆಗೆ ಬರುವ ವಿದ್ಯಾರ್ಥಿಗಳು ತಾಳಗುಂದದ ಕದಂಬ ಶಾಸನಸ್ತಂಭವನ್ನೂ ಬಳ್ಳಿಗಾವೆಯ ಕೇದಾರೇಶ್ವರನ ಗುಡಿಯನ್ನೂ ನೋಡಿ ಹಿಂದಿರುಗುವುದು ವಾಡಿಕೆ. ಕಲ್ಲಿನಲ್ಲಿ ಕೊರೆದದ್ದು ನಾವು ಮರೆತರೂ ಕಾದಿರುತ್ತದೆ. ಕಾಲಿನಲ್ಲಿ ಉಳಿದು ಬಂದದ್ದಕ್ಕೆ ಅಂತಹ ಭರವಸೆಯಿಲ್ಲ. ಅಂಟಿಗೆ-ಪಂಟಿಗೆಯ ಪದಗಳು ಪುಸ್ತಕಗಳಲ್ಲಿ ಸೇರಿವೆ, ಜಾನಪದ ವೇದಿಕೆಗಳನ್ನು ಏರಿವೆ. ಅದು ಸಂತೋಷದ ಮಾತೇ. ಆದರೆ ವೇದಿಕೆಯ ಮೇಲೆ ಗಾಳಿಯಿಲ್ಲ, ಕೆಸರಿಲ್ಲ, ತೆರೆಯಬೇಕಾದ ಬಾಗಿಲೂ ಇಲ್ಲ. ಅಲ್ಲಿ ಹಾಡು ಉಳಿದೀತು. ಹಾಡನ್ನು ಹಾಡಿಸಿದ ದಾರಿ ಉಳಿಯದು. ಓದಿಗೆ, ಉದ್ಯೋಗಕ್ಕೆಂದು ಊರು ಬಿಟ್ಟ ತರುಣರು ಹಬ್ಬಕ್ಕೆ ಮರಳದಿದ್ದರೆ ಸೊಲ್ಲು ಹಿಡಿಯುವವರಾರು?

ಆದ್ದರಿಂದ ಜಾನಪದವನ್ನು ಕಲಿಸುವವರಲ್ಲಿಯೂ ಕಲಿಯುವವರಲ್ಲಿಯೂ ಒಂದು ಬಿನ್ನಹ. ಬರುವ ಬಲಿಪಾಡ್ಯಮಿಯಂದು ಅಂತಹ ತಂಡವೊಂದರ ಅನುಮತಿ ಪಡೆದು, ಹೆಗಲಿಗೊಂದು ಕಂಬಳಿ ಹಾಕಿಕೊಂಡು, ಎರಡು ಊರುಗಳ ದೂರವಾದರೂ ಜೊತೆಯಲ್ಲಿ ನಡೆಯಿರಿ. ಬರೆದುಕೊಳ್ಳುವ ಪುಸ್ತಕ ಚೀಲದಲ್ಲಿಯೇ ಇರಲಿ. ಹನಿ ಬಿದ್ದಾಗ ದೀಪಕ್ಕೆ ಮರೆ ಹಿಡಿಯಲು ಇನ್ನೊಂದು ಕೈ ಬೇಕಾಗುತ್ತದೆ.