ಮನೆ ಕಂದಾಯ: ಕಟ್ಟುವುದೂ ಗೊತ್ತು, ಕೇಳುವುದೂ ಗೊತ್ತಿರಲಿ

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆ ಯಾವುದೇ ಹಳೆಯ ಮನೆಯ ಟ್ರಂಕು ತೆಗೆದರೂ ಬಟ್ಟೆಯ ಮಡಿಕೆಗಳ ಕೆಳಗೆ ಒಂದು ಕಾಗದದ ಕಟ್ಟು ಸಿಗುತ್ತದೆ. ಜಮೀನಿನ ಪಹಣಿ, ರೇಷನ್ ಕಾರ್ಡು, ಜೊತೆಗೆ ಮನೆ ಕಂದಾಯದ ರಸೀದಿಗಳು. ಅಜ್ಜನ ಹೆಸರಿನ ರಸೀದಿಯನ್ನು ಮೊಮ್ಮಗನೂ ಜೋಪಾನ ಮಾಡಿರುತ್ತಾನೆ. ಕಂದಾಯ ಜಾಸ್ತಿಯಾಯಿತು ಎಂದು ಅರಳಿಕಟ್ಟೆಯ ಮೇಲೆ ಗೊಣಗುವವರು ಎಷ್ಟೋ ಮಂದಿ. ಆದರೆ ಪಂಚಾಯಿತಿ ಕಚೇರಿಗೆ ಹೋಗಿ ‘ಇದು ಹೇಗೆ ಬಂತು?’ ಎಂದು ಕೇಳುವವರು ಕಡಿಮೆ. ಕೇಳಿದರೆ ಖಾತೆಗೇ ತೊಂದರೆಯಾದೀತು ಎಂಬ ಅಂಜಿಕೆ.

ಈ ಅಂಜಿಕೆಗೆ ಆಧಾರವಿದೆಯೇ? ಇಲ್ಲ. ಆದರೆ ಅದಕ್ಕೊಂದು ಇತಿಹಾಸವಿದೆ.

ನಮ್ಮಲ್ಲಿ ‘ಕಂದಾಯ’ ಎಂದೊಡನೆ ನೆನಪಾಗುವುದು ಜಮೀನು. ಮೈಸೂರು ಸಂಸ್ಥಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇಷ್ಟು ಹಣ ವಸೂಲು ಮಾಡಿಯೇ ತೀರುತ್ತೇನೆ ಎಂದು ಅಮಲ್ದಾರರು ಸರ್ಕಾರಕ್ಕೆ ಒಪ್ಪಿಕೊಳ್ಳುವ ‘ಷರತ್ತು’ ಪದ್ಧತಿ ಇತ್ತು. ಮಳೆ ಬರಲಿ ಬಿಡಲಿ, ಅಷ್ಟು ಹಣ ರೈತನಿಂದಲೇ ಹುಟ್ಟಬೇಕು. ಲೆಕ್ಕ ಕೇಳುವ ದಾರಿ ಇರಲಿಲ್ಲ. ಇದ್ದದ್ದು ಒಂದೇ ದಾರಿ: ಹಳ್ಳಿಗಳವರು ಒಟ್ಟಾಗಿ ‘ಕೂಟ’ ಸೇರಿ ಕಂದಾಯ ಕೊಡುವುದಿಲ್ಲ ಎನ್ನುವುದು. 1830–31ರ ನಗರ ದಂಗೆ ಹೀಗೆ ಬೆಳೆಯಿತು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ಕೈಗೆ ತೆಗೆದುಕೊಂಡರು. ಅದು ಮರಳಿ ಅರಸರ ಕೈಸೇರಿದ್ದು 1881ರಲ್ಲಿ.

ಆ ನಡುವೆ 1863ರಲ್ಲಿ ಸಂಸ್ಥಾನದಲ್ಲಿ ಭೂಮಾಪನ ಆರಂಭವಾಯಿತು. ಹೊಲವನ್ನು ಅಳೆದು, ಸರ್ವೆ ನಂಬರು ಕೊಟ್ಟು, ಮಣ್ಣಿನ ಗುಣವನ್ನು ಆಣೆಯ ಲೆಕ್ಕದಲ್ಲಿ ತೂಗಿ ಕಂದಾಯ ಗೊತ್ತುಮಾಡುವ ಕ್ರಮ ಬಂತು. ತೆರಿಗೆಗೆ ಒಂದು ಅಳತೆ ಸಿಕ್ಕಿತು, ನಿಜ. ಆದರೆ ಅಳತೆಯ ಪುಸ್ತಕ ಶಾನುಭೋಗರ ಕೈಯಲ್ಲಿತ್ತು. ಓದು ಬಾರದ ರೈತನಿಗೆ ಅದರಲ್ಲಿ ಬರೆದದ್ದೇ ವೇದವಾಯಿತು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಮಾಡುವ ಕಾಯಿದೆ 1961ರಲ್ಲಿ ಬಂದರೂ ಪುಸ್ತಕದ ಭಯ ಹೋಗಲಿಲ್ಲ.

ಭಯ ಹೋದಾಗ ಸಿಟ್ಟು ಎದ್ದ ಪ್ರಸಂಗಗಳೂ ಇವೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರು ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ ಕೇಳಿದ್ದಕ್ಕೆ 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ನಡೆದು ಪ್ರಾಣಗಳು ಹೋದವು. ಆ ಚಳವಳಿ ರಾಜ್ಯದ ರೈತ ಸಂಘಟನೆಗೇ ಹೊಸ ಜೀವ ತಂದಿತು.

ಅಂದರೆ ತೆರಿಗೆಯ ವಿಷಯದಲ್ಲಿ ನಮ್ಮ ಹಳ್ಳಿಗಳಿಗೆ ಎರಡೇ ದಾರಿ ಪರಿಚಯವಾದವು: ಸುಮ್ಮನೆ ಕಟ್ಟುವುದು, ಇಲ್ಲವೇ ಕಟ್ಟುವುದಿಲ್ಲವೆಂದು ಎದ್ದು ನಿಲ್ಲುವುದು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದು ಲೆಕ್ಕ ಕೇಳುವ ದಾರಿ.

ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. 73ನೇ ತಿದ್ದುಪಡಿಯ ನಂತರ ಬಂದ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆ, ತನ್ನ 199ನೇ ಪ್ರಕರಣದಲ್ಲಿ ಮನೆ, ಅಂಗಡಿ ಮೊದಲಾದ ಕಟ್ಟಡಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ಹೊಲ ತೋಟಗಳ ಕಂದಾಯ ಬೇರೆ. ಅದು ಕಂದಾಯ ಇಲಾಖೆಗೆ ಸೇರಿದ್ದು. ಈ ಎರಡನ್ನು ಕಲಸಿಕೊಂಡು ನಾಡಕಚೇರಿಗೂ ಪಂಚಾಯಿತಿಗೂ ಅಲೆಯುವವರು ಬಹಳ.

ಮನೆ ಕಂದಾಯ ನಿಲ್ಲುವುದು ಕೆಲವು ಸಂಗತಿಗಳ ಮೇಲೆ. ನಿವೇಶನ ಎಷ್ಟು, ಅದರಲ್ಲಿ ಕಟ್ಟಿದ್ದು ಎಷ್ಟು? ಮಣ್ಣಿನ ಮಾಳಿಗೆಯೋ, ಹೆಂಚೋ, ಶೀಟೋ, ಆರ್‌ಸಿಸಿಯೋ? ವಾಸಕ್ಕೋ, ವ್ಯಾಪಾರಕ್ಕೋ? ತಪ್ಪು ನುಸುಳುವುದೂ ಇಲ್ಲಿಯೇ. ಒಂದು ಉದಾಹರಣೆ ನೋಡಿ. ಮೂವತ್ತು–ನಲವತ್ತು ಅಡಿ ನಿವೇಶನವೆಂದರೆ 1,200 ಚದರ ಅಡಿ. ಅದರಲ್ಲಿ ಇಪ್ಪತ್ತು–ಇಪ್ಪತ್ತೈದು ಅಡಿಯ ಮನೆ ಕಟ್ಟಿದ್ದರೆ ಕಟ್ಟಡ 500 ಚದರ ಅಡಿ ಮಾತ್ರ. ಪುಸ್ತಕದಲ್ಲಿ ಇಡೀ ನಿವೇಶನವನ್ನೇ ಕಟ್ಟಡವೆಂದು ಬರೆದರೆ ಕಟ್ಟಡದ ಅಳತೆ ಎರಡು ಪಟ್ಟನ್ನೂ ಮೀರುತ್ತದೆ. ದನದ ಕೊಟ್ಟಿಗೆ ವಾಸದ ಮನೆಯಾಗಿರಬಹುದು. ಮುಚ್ಚಿ ವರ್ಷಗಳಾದ ಅಂಗಡಿ ಇನ್ನೂ ವ್ಯಾಪಾರದ ಕಟ್ಟಡವಾಗಿಯೇ ಉಳಿದಿರಬಹುದು. ಮೂಲ ತೆರಿಗೆಯ ಜೊತೆ ಗ್ರಂಥಾಲಯ, ಆರೋಗ್ಯ, ಶಿಕ್ಷಣ, ಭಿಕ್ಷುಕರ ಕರಗಳೂ ಸೇರುವುದರಿಂದ ಬುಡದ ತಪ್ಪು ತುದಿಯಲ್ಲಿ ಇನ್ನಷ್ಟು ದೊಡ್ಡದಾಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಟೇಪು ಹಿಡಿದು ಮನೆಯನ್ನು ಅಳೆಯಿರಿ. ಪಂಚಾಯಿತಿಯಲ್ಲಿ ನಿಮ್ಮ ಆಸ್ತಿಯ ನಮೂನೆ 9 ಅಥವಾ 11ರ ಪ್ರತಿ ಪಡೆದು ಅಳತೆಗೆ ಅಳತೆ ಹೋಲಿಸಿ. 2013ರಿಂದ ಈ ದಾಖಲೆಗಳು ಇ–ಸ್ವತ್ತು ವ್ಯವಸ್ಥೆಯಲ್ಲಿ ಕಂಪ್ಯೂಟರಿಗೆ ಏರುತ್ತಿವೆ. ಹಳೆಯ ಪುಸ್ತಕದ ತಪ್ಪು ಅಲ್ಲಿಗೂ ನಕಲಾಗಿರಬಹುದು. ವ್ಯತ್ಯಾಸ ಕಂಡರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಬರವಣಿಗೆಯಲ್ಲಿ ತಕರಾರು ಕೊಡಿ. ‘ಕಂದಾಯ ಜಾಸ್ತಿ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ‘ಇಷ್ಟು ಇರಬೇಕಾದ್ದು ಇಷ್ಟಾಗಿದೆ’ ಎಂದು ಬರೆದು, ಅಳತೆಯ ನಕ್ಷೆ, ಫೋಟೋ, ಹಳೆಯ ರಸೀದಿ ಲಗತ್ತಿಸಿ ಸ್ಥಳ ಪರಿಶೀಲನೆ ಕೇಳಿ. ಅರ್ಜಿಯ ನಕಲಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ನೋಟಿಸು ಬಂದಿದ್ದರೆ ಅದರಲ್ಲಿ ಹೇಳಿದ ಗಡುವಿನೊಳಗೆ ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯ ಮುಂದೆ ಮೇಲ್ಮನವಿ. ಶ್ರೀರಾಂಪುರದವರಿಗೆ ಅದು ಹೊಸದುರ್ಗದಲ್ಲಿ. ತೆರಿಗೆಯ ದರವೇ ಹೆಚ್ಚೆಂದು ಇಡೀ ಊರಿಗೆ ಅನಿಸಿದರೆ ಒಬ್ಬೊಬ್ಬರ ಅರ್ಜಿಗಿಂತ ಗ್ರಾಮಸಭೆಯ ಮಾತಿಗೆ ತೂಕ ಹೆಚ್ಚು.

ತಕರಾರು ಕೊಟ್ಟೆವೆಂದು ಕಟ್ಟುವುದನ್ನೇ ನಿಲ್ಲಿಸುವುದು ಜಾಣತನವಲ್ಲ. ಬಾಕಿ ಬೆಳೆಯುತ್ತದೆ, ಖಾತೆಯ ಕೆಲಸಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ. ತಕರಾರು ಇದೆಯೆಂದು ಬರೆದುಕೊಟ್ಟೇ ಕಟ್ಟಬಹುದು.

ಇನ್ನು ಆ ಟ್ರಂಕಿನ ರಸೀದಿಯ ಮಾತು. ಕಂದಾಯ ಕಟ್ಟಿದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದಿಲ್ಲ, ಕಂದಾಯವನ್ನು ಪ್ರಶ್ನಿಸಿದ ಮಾತ್ರಕ್ಕೆ ಅದು ಹೋಗುವುದೂ ಇಲ್ಲ. ತೆರಿಗೆಯ ಪುಸ್ತಕ ಹಕ್ಕುಪತ್ರವಲ್ಲವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಆದ್ದರಿಂದ ಲೆಕ್ಕ ಕೇಳಿದರೆ ಮನೆ ಕೈತಪ್ಪೀತೆಂಬ ಭಯ ಬೇಡ.

ಮನೆ ಕಂದಾಯ ಊರಿನಲ್ಲಿಯೇ ಹುಟ್ಟಿ ಊರಿನಲ್ಲಿಯೇ ಖರ್ಚಾಗಬೇಕಾದ ಹಣ. ಬೀದಿಯ ದೀಪ, ನಲ್ಲಿಯ ನೀರು, ಚರಂಡಿಯ ಕೆಲಸಕ್ಕೆ ಪಂಚಾಯಿತಿಗೆ ಅದೊಂದು ಸ್ವಂತ ಆಸರೆ. ಹೆಚ್ಚು ಬರೆದಾಗ ಕೇಳುವ ಮನೆಯವರು, ಹೊಸ ಮಹಡಿ ಎದ್ದಿದ್ದರೂ ಪುಸ್ತಕದಲ್ಲಿ ಹಳೆಯ ಮಾಳಿಗೆಯೇ ಉಳಿದಿದ್ದರೆ ಅದನ್ನೂ ಹೇಳಬೇಕಾಗುತ್ತದೆ. ಅಳತೆ ಎಲ್ಲರಿಗೂ ಒಂದೇ ಆದಾಗ ಮಾತ್ರ ದೀಪ ಏಕೆ ಉರಿಯುತ್ತಿಲ್ಲ ಎಂದು ಕೇಳುವ ದನಿಗೂ ಬಲ ಬರುತ್ತದೆ.